ಅರ್ಧ ದಾರಿಯಲ್ಲಿ ನಿಂತ ರೋಲರ್ ಕೋಸ್ಟರ್: ನೀವೂ ಹೀಗೆ ಸಿಕ್ಕಿಹಾಕಿಕೊಂಡಿದ್ದೀರಾ?

ಗುಬ್ಬಿ ಅಮ್ಮ

ಮಗಳ ಹನ್ನೆರಡನೇ ಹುಟ್ಟುಹಬ್ಬ ಅಂತ ಮೊನ್ನೆ ಭಾನುವಾರ ಪಾರ್ಕಿಗೆ ಹೋಗಿದ್ದೆವು. ರಜೆಗೆ ತಂಗಿಯ ಊರಿಗೆ ಬಂದಿದ್ದೇವೆ. ಯಾವ ಊರು, ಯಾವ ಪಾರ್ಕು ಅಂತ ಬರೆಯುವುದಿಲ್ಲ. ಜಗಳಕ್ಕೆ ಬಂದಿಲ್ಲ ನಾನು.

ಒಂದೂಕಾಲು ಗಂಟೆ ಸಾಲಿನಲ್ಲಿ ನಿಂತು ರೋಲರ್ ಕೋಸ್ಟರ್ ಹತ್ತಿದೆವು. ಟಕ ಟಕ ಟಕ ಅಂತ ಮೇಲಕ್ಕೆ ಎಳೆಯುತ್ತಿತ್ತು. ತುದಿ ಇನ್ನು ಎರಡಾಳು ದೂರ ಇರಬೇಕು, ಅಷ್ಟರಲ್ಲಿ ಟಕ ಟಕ ನಿಂತೇ ಹೋಯಿತು. ಬೆನ್ನು ಕೆಳಗೆ, ಮುಖ ಆಕಾಶಕ್ಕೆ. ಮೊದಲು ಎಲ್ಲರೂ ನಕ್ಕರು. ಆಮೇಲೆ ಹಿಂದಿನ ಸೀಟಿನ ಹೆಂಗಸು ದೇವರ ನಾಮ ಶುರು ಮಾಡಿದರು. ಆಮೇಲೆ ಅದೂ ನಿಂತಿತು. ಫೋನು, ವಾಚು ಎಲ್ಲ ಲಾಕರಿನಲ್ಲಿ. ಕೆಳಗೆ ನಿಂತಿದ್ದ ತಂಗಿ ಹೇಳಿದ ಮೇಲೆ ಗೊತ್ತಾಯಿತು, ಒಟ್ಟು 35 ನಿಮಿಷ ಅಂತ. ನನಗೆ ಮೂರು ಗಂಟೆ ಆದ ಹಾಗಿತ್ತು.

ಕೊನೆಗೆ ಇಬ್ಬರು ಹುಡುಗರು ಹಳಿಯ ಪಕ್ಕದ ಮೆಟ್ಟಿಲು ಹತ್ತಿ ಬಂದು ಒಬ್ಬೊಬ್ಬರನ್ನೇ ಬಿಡಿಸಿ ಇಳಿಸಿದರು. ಆ ಮೆಟ್ಟಿಲು ಕಬ್ಬಿಣದ ಜಾಲರಿ. ಸಂದಿಯಿಂದ ಕೆಳಗಿನ ಐಸ್‌ಕ್ರೀಂ ಗಾಡಿ ಕಾಣುತ್ತಿತ್ತು, ಬೆಂಕಿಪೊಟ್ಟಣದಷ್ಟು.

ಮಗಳು ಇನ್ನು ಜನ್ಮದಲ್ಲಿ ಹತ್ತಲ್ಲ ಅಂತ ಕೂತಿದ್ದಾಳೆ. ನಮ್ಮ ಮನೆಯವರು "ನಿಮ್ಮ ಅದೃಷ್ಟ, ಹಿಂದಕ್ಕೆ ಜಾರಲಿಲ್ಲ" ಅಂತ ಒಂದು ಮಾತು ಎಸೆದು ಸುಮ್ಮನಾದರು. ನಿಜವಾಗಲೂ ಅದೃಷ್ಟವಾ ಅದು? ಗೊತ್ತಿದ್ದವರು ಹೇಳಿ. ಒಳ್ಳೆ ನೆನಪುಗಳನ್ನೂ ಹಾಕಿ, ಅವಳಿಗೆ ಓದಿ ಹೇಳುತ್ತೇನೆ.

ಸ್ಪ್ಯಾನರ್ ಸ್ವಾಮಿ

ಅಮ್ಮಾ, ನಾನು ಒಂದು ಪಾರ್ಕಿನಲ್ಲಿ ಒಂಬತ್ತು ವರ್ಷ ರೈಡ್ ಮೇಂಟೆನೆನ್ಸ್ ಕೆಲಸ ಮಾಡಿದ್ದೇನೆ. ನೀವು ಹೇಳಿದ ಆ ಇಬ್ಬರು ಹುಡುಗರಲ್ಲಿ ಒಬ್ಬ ನಾನೇ ಅಂದುಕೊಳ್ಳಿ. ಎಷ್ಟು ಜನರನ್ನು ಹಾಗೆ ಇಳಿಸಿದ್ದೇನೋ ಲೆಕ್ಕವಿಲ್ಲ.

ಅದೃಷ್ಟ ಅಲ್ಲ. ಮೊದಲು ಆ ಟಕ ಟಕ ಸದ್ದಿನ ವಿಷಯ. ಅದು ಚೈನಿನ ಸದ್ದು ಅಂತ ಜಾಸ್ತಿ ಜನ ತಿಳಿದಿದ್ದಾರೆ. ಅಲ್ಲ. ಏರಿನ ಉದ್ದಕ್ಕೂ ಹಳಿಗಳ ನಡುವೆ ಗರಗಸದ ಹಾಗೆ ಹಲ್ಲುಪಟ್ಟಿ ಇರುತ್ತದೆ. ಬೋಗಿಯ ಅಡಿಯಲ್ಲಿ ಒಂದು ಕಬ್ಬಿಣದ ನಾಲಿಗೆ. ಬೋಗಿ ಮೇಲೆ ಹೋದ ಹಾಗೆ ಆ ನಾಲಿಗೆ ಒಂದೊಂದೇ ಹಲ್ಲನ್ನು ದಾಟಿ ಟಕ್ ಅಂತ ಕೂರುತ್ತದೆ. ಎತ್ತಿನ ಗಾಡಿ ಏರು ಹತ್ತುವಾಗ ಹಿಂದೆ ಒಬ್ಬ ಚಕ್ರಕ್ಕೆ ಕಲ್ಲು ಕೊಡುತ್ತಾ ಬರುತ್ತಾನೆ, ನೋಡಿದ್ದೀರಾ? ಅದೇ ಇದು. ಒಂದೊಂದು ಟಕ್ಕಿಗೂ ಒಂದು ಕಲ್ಲು. ಚೈನು ತುಂಡಾದರೂ ಗಾಡಿ ಹಿಂದಕ್ಕೆ ಜಾರಬಹುದಾದದ್ದು ಒಂದು ಹಲ್ಲಿನಷ್ಟು ಮಾತ್ರ.

ಇನ್ನು ಯಾಕೆ ನಿಂತಿತು ಅನ್ನುವುದು. ಹಳಿಯನ್ನು ಭಾಗ ಭಾಗ ಮಾಡಿರುತ್ತಾರೆ, ಬ್ಲಾಕ್ ಅನ್ನುತ್ತೇವೆ. ಒಂದು ಬ್ಲಾಕಿನಲ್ಲಿ ಒಂದೇ ಗಾಡಿ ಇರಬೇಕು. ರೈಲಿನ ಸಿಗ್ನಲ್ ಹಾಗೆಯೇ. ಮುಂದಿನ ಬ್ಲಾಕ್ ಖಾಲಿ ಅಂತ ಕಂಪ್ಯೂಟರಿಗೆ ಖಾತ್ರಿ ಆಗದಿದ್ದರೆ ಹಿಂದಿನ ಗಾಡಿಯನ್ನು ಬಿಡುವುದಿಲ್ಲ. ನಾನಿದ್ದ ಕಡೆ ಬಹುಪಾಲು ಸಲ ಸೆನ್ಸಾರ್ ತೊಂದರೆಯೇ ಇರುತ್ತಿತ್ತು. ಮಳೆ ನೀರು, ಧೂಳು, ಸಡಿಲವಾದ ಒಂದು ವೈರು. ಕೆಲವು ಸಲ ಯಾರದೋ ಟೋಪಿ ಹಾರಿ ಹಳಿ ಮೇಲೆ ಬಿದ್ದಿರುತ್ತದೆ. ಒಮ್ಮೆ ಒಬ್ಬ ಪುಣ್ಯಾತ್ಮ ಬಿದ್ದ ಚಪ್ಪಲಿ ತರುತ್ತೇನೆ ಅಂತ ಬೇಲಿ ಹಾರಿದ್ದ! ಗಾಡಿ ನಿಲ್ಲಿಸದೆ ಇನ್ನೇನು ಮಾಡುವುದು?

ಶಿರಸಿ ಕಡೆಯವಳು

ಸ್ವಾಮಿಯವರೇ, ಎತ್ತಿನ ಗಾಡಿ ಉಪಮೆ ಚೆನ್ನಾಗಿದೆ. ನಮ್ಮ ಮಾವ ಓದಿ ತಲೆದೂಗಿದರು.

ನನ್ನದು ರೋಲರ್ ಕೋಸ್ಟರ್ ಅಲ್ಲ, ತೊಟ್ಟಿಲು. ನಮಗೆ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಅಂದರೆ ಬಳೆ, ಬೆಂಡು ಬತ್ತಾಸು ಮತ್ತು ತೊಟ್ಟಿಲು. ಈಗ ದೊಡ್ಡ ಚಕ್ರಕ್ಕೆ ಜಯಂಟ್ ವೀಲ್ ಅನ್ನುತ್ತಾರೆ. ಮನೆಯಲ್ಲಿ ಈಗಲೂ ತೊಟ್ಟಿಲೇ.

ಆದರೆ ಕಥೆ ಆಗಿದ್ದು ಬೇರೆ ಒಂದು ಸಣ್ಣ ಊರಿನ ಜಾತ್ರೆಯಲ್ಲಿ. ನನಗೆ ಒಂಬತ್ತು ವರ್ಷ. ಅಜ್ಜಿ ಜೊತೆ ಕೂತಿದ್ದೆ. ಸಂಜೆ ಐದು ಗಂಟೆ ಇರಬೇಕು. ನಮ್ಮ ತೊಟ್ಟಿಲು ಸರಿಯಾಗಿ ಮೇಲೆ ಹೋದಾಗ ಜನರೇಟರಿನ ಡೀಸೆಲ್ ಮುಗಿಯಿತು. ಡೀಸೆಲ್ ತರಲು ಹುಡುಗ ಸೈಕಲ್ ಹತ್ತಿ ಹೋದ. ನಾನು ಅಳುತ್ತಿದ್ದೆ. ಅಜ್ಜಿ ಮಾತ್ರ ಕೈ ಕಣ್ಣಿಗೆ ಅಡ್ಡ ಹಿಡಿದು ಊರು ನೋಡತೊಡಗಿದಳು. ಯಾರ ಅಂಗಳದಲ್ಲಿ ಎಷ್ಟು ಅಡಿಕೆ ಹರವಿದ್ದಾರೆ, ಯಾರ ಮಾಡಿಗೆ ಹೊಸ ಹೆಂಚು ಬಂದಿದೆ, ಯಾರ ದನ ಯಾರ ತೋಟಕ್ಕೆ ನುಗ್ಗಿದೆ. ಎಲ್ಲ ಲೆಕ್ಕ. ಕೊನೆಗೆ ಆರು ಜನ ಗಂಡಸರು ಚಕ್ರವನ್ನು ಕೈಯಲ್ಲೇ ತಿರುಗಿಸಿ ನಮ್ಮನ್ನು ಇಳಿಸಿದರು. ಇಳಿದ ಮೇಲೆ ಅಜ್ಜಿ ಕೇಳಿದ್ದು, "ಇಷ್ಟು ಬೇಗ ಯಾಕೆ?"

ಆಮೇಲೆ ಒಂದು ವರ್ಷ ಆ ಊರಿನ ಸುದ್ದಿ ನಮ್ಮ ಮನೆಯಲ್ಲಿ ಓಡಿತು.

ಲೂಪ್ ಲೋಕೇಶ

ಅಜ್ಜಿಗೆ ಒಂದು ದೊಡ್ಡ ನಮಸ್ಕಾರ.

ಗುಬ್ಬಿ ಅಮ್ಮ, ನಿಮ್ಮ ಮಗಳಿಗೆ ಹೇಳಿ, ಅವಳ ಹಾಗೆ ಮೆಟ್ಟಿಲು ಇಳಿದವರ ಪಟ್ಟಿ ತುಂಬಾ ಉದ್ದ ಇದೆ. ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಸೈಕ್ಲೋನ್ ಅಂತ ಒಂದು ಮರದ ಕೋಸ್ಟರ್ ಇದೆ. 1927ರದ್ದು. ಅದು 2024ರ ಆಗಸ್ಟಿನಲ್ಲಿ ಏರಿನಲ್ಲೇ ನಿಂತಿತು. ಚೈನು ಎಳೆಯುವ ಹಲ್ಲುಗಾಲಿಯಲ್ಲಿ ಬಿರುಕು. ಜನ ನಡೆದುಕೊಂಡು ಇಳಿದರು. ಅದಕ್ಕೆ ಒಂದು ವರ್ಷ ಮೊದಲು ಒಹಾಯೋದ ಸೀಡರ್ ಪಾಯಿಂಟ್ ಪಾರ್ಕಿನಲ್ಲಿ ಮ್ಯಾಗ್ನಮ್ ಅನ್ನುವ ಕೋಸ್ಟರ್ ನಿಂತಿತ್ತು. 205 ಅಡಿ ಎತ್ತರದ ಏರು! ಅಲ್ಲಿಂದಲೂ ಮೆಟ್ಟಿಲಲ್ಲೇ ಇಳಿಸಿದರು. ಆ ವಿಡಿಯೋ ನೋಡಿದರೆ ನನಗೆ ಇವತ್ತಿಗೂ ಅಂಗಾಲು ಜುಮ್ ಅನ್ನುತ್ತದೆ.

ಒಳ್ಳೆ ನೆನಪು ಅಂದರೆ ವಂಡರ್‌ಲಾ. 2005ರಲ್ಲಿ ಬಿಡದಿ ಹತ್ತಿರ ಅದು ಶುರುವಾದಾಗ ನಾನು ಎಂಟನೇ ಕ್ಲಾಸು. ಶಾಲೆಯಿಂದ ಎರಡು ಬಸ್ಸು. ಮೇಷ್ಟ್ರು "ಯಾರೂ ನೀರಿಗೆ ಇಳಿಯಬಾರದು" ಅಂತ ಬಸ್ಸಿನಲ್ಲಿ ಭಾಷಣ ಮಾಡಿದರು. ಒಳಗೆ ಹೋಗಿ ಅರ್ಧ ಗಂಟೆಗೆ ವೇವ್ ಪೂಲಿನಲ್ಲಿ ಪಂಚೆ ಎತ್ತಿಕಟ್ಟಿ ಮೊದಲು ನಿಂತಿದ್ದವರು ಅವರೇ. ವಾಪಸ್ ಬರುವಾಗ ಒದ್ದೆ ಬಟ್ಟೆಯಲ್ಲಿ ಬಿಡದಿ ತಟ್ಟೆ ಇಡ್ಲಿ. ಆ ಇಡ್ಲಿಯ ರುಚಿ ಮತ್ತೆ ಸಿಕ್ಕಿಲ್ಲ. ಕ್ಲೋರಿನ್ ವಾಸನೆಯ ಕೈಯಲ್ಲಿ ತಿಂದದ್ದಕ್ಕೇ ಇರಬೇಕು.

ಆಮೇಲೆ ಎಷ್ಟೋ ವರ್ಷಕ್ಕೆ ಅಲ್ಲಿ ರೀಕಾಯ್ಲ್ ಅನ್ನುವ ಕೋಸ್ಟರ್ ಬಂತು. ನೆದರ್ಲೆಂಡ್ಸ್‌ನ ವೆಕೋಮಾ ಕಂಪನಿಯ ಬೂಮರಾಂಗ್ ಮಾದರಿ. ಗಾಡಿಯನ್ನು ಹಿಂದಕ್ಕೆ ಎಳೆದುಕೊಂಡು ಏರಿಸಿ ಕೈ ಬಿಡುತ್ತದೆ. ಮೂರು ಸಲ ತಲೆಕೆಳಗಾಗಿ ಇನ್ನೊಂದು ಏರಿಗೆ ಹೋಗುತ್ತೀರಿ. ಅಲ್ಲಿಂದ ಅದೇ ದಾರಿಯಲ್ಲಿ ಹಿಮ್ಮುಖವಾಗಿ ಮತ್ತೆ ಮೂರು ಸಲ. ಹಿಮ್ಮುಖ ಹೋಗುವಾಗ ಮುಂದೇನು ಅಂತ ಕಾಣುವುದೇ ಇಲ್ಲವಲ್ಲ, ಮಜಾ ಇರುವುದೇ ಅಲ್ಲಿ.

ಅನುಮಾನದ ಅಣ್ಣಯ್ಯ

ಎಲ್ಲ ಸರಿ. ಸೆನ್ಸಾರು, ಬ್ಲಾಕು, ಕಂಪ್ಯೂಟರು. ಹಾಗಾದರೆ ಇಂಗ್ಲೆಂಡಿನ ಆಲ್ಟನ್ ಟವರ್ಸ್‌ನಲ್ಲಿ ಆಗಿದ್ದೇನು? 2015ರ ಜೂನ್ 2. ಸ್ಮೈಲರ್ ಅನ್ನುವ ಕೋಸ್ಟರ್. ಹಳಿ ಮೇಲೆ ಖಾಲಿ ಗಾಡಿ ನಿಂತಿತ್ತು, ಜನ ತುಂಬಿದ ಗಾಡಿ ಹೋಗಿ ಗುದ್ದಿತು. 16 ಜನರಿಗೆ ಗಾಯ. ಇಬ್ಬರು ಯುವತಿಯರು ತಲಾ ಒಂದು ಕಾಲು ಕಳೆದುಕೊಂಡರು. ಅಲ್ಲಿ ಬ್ಲಾಕ್ ಇರಲಿಲ್ಲವಾ ಸ್ವಾಮಿ? ಮಕ್ಕಳಿಗೆ ಧೈರ್ಯ ಹೇಳೋಣ, ಆದರೆ ಸುಮ್ನೆ ಏನೂ ಆಗಲ್ಲ ಅನ್ನಬೇಡಿ.

ಸ್ಪ್ಯಾನರ್ ಸ್ವಾಮಿ

ಅಣ್ಣಯ್ಯ, ಒಳ್ಳೆ ಪ್ರಶ್ನೆ. ಈ ಕೆಲಸದಲ್ಲಿ ಇರುವ ಯಾರೂ ಆ ದಿನವನ್ನು ಮರೆಯುವುದಿಲ್ಲ.

ಅಲ್ಲಿ ಬ್ಲಾಕ್ ಇತ್ತು. ಅದು ಸರಿಯಾಗಿ ಕೆಲಸವನ್ನೂ ಮಾಡಿತ್ತು. ಆ ದಿನ ಜೋರು ಗಾಳಿ. ಪರೀಕ್ಷೆಗೆ ಬಿಟ್ಟ ಖಾಲಿ ಗಾಡಿ ಒಂದು ಏರನ್ನು ದಾಟಲಾರದೆ ತಗ್ಗಿನಲ್ಲಿ ಉಳಿಯಿತು. ಕಂಪ್ಯೂಟರ್ ಹಿಂದಿನ ಗಾಡಿಯನ್ನು ಏರಿನಲ್ಲೇ ತಡೆದು ನಿಲ್ಲಿಸಿತು. ಮುಂದೆ ಗಾಡಿ ಇದೆ ಅಂತ ಅದು ಹೇಳುತ್ತಿತ್ತು. ಎಂಜಿನಿಯರುಗಳು ಹಳಿ ಖಾಲಿ ಇದೆ, ಕಂಪ್ಯೂಟರೇ ತಪ್ಪು ಹೇಳುತ್ತಿದೆ ಅಂದುಕೊಂಡರು. ಅದನ್ನು ಮೀರಿ ಕೈಯಾರೆ ಗಾಡಿ ಬಿಟ್ಟರು. ಕೋರ್ಟು ಮರುವರ್ಷ ಆ ಪಾರ್ಕಿನ ಕಂಪನಿಗೆ 50 ಲಕ್ಷ ಪೌಂಡ್ ದಂಡ ಹಾಕಿತು. ಆ ಎಂಜಿನಿಯರುಗಳಿಗೆ ಸರಿಯಾದ ಕ್ರಮ, ಮೇಲ್ವಿಚಾರಣೆ ಕೊಡದೇ ಇದ್ದದ್ದು ಕಂಪನಿಯ ತಪ್ಪು ಅಂತ.

ನಮ್ಮಲ್ಲೂ ಸಾಲಿನಲ್ಲಿ ನಿಂತ ಜನ ಕೂಗುತ್ತಾರೆ. "ರೀಸೆಟ್ ಒತ್ತಯ್ಯ, ಇನ್ನೆಷ್ಟು ಹೊತ್ತು?" ಅಂತ. ಮ್ಯಾನೇಜರ್ ವಾಕಿಟಾಕಿಯಲ್ಲಿ ಎರಡು ಸಲ ಕೇಳುತ್ತಾರೆ. ಆಗ ಕೈ ಗುಂಡಿಯ ಹತ್ತಿರ ಹೋಗುತ್ತದೆ, ಸುಳ್ಳು ಹೇಳುವುದಿಲ್ಲ. ನನ್ನ ಸೀನಿಯರ್ ಒಬ್ಬರು ಒಂದೇ ಒಂದು ನಿಯಮ ಇಟ್ಟಿದ್ದರು. ಹಳಿಯ ಉದ್ದಕ್ಕೂ ಕಣ್ಣು ಹಾಯಿಸಿ, ಗಾಡಿಗಳನ್ನು ಬೆರಳು ಮಡಿಸಿ ಎಣಿಸಿ, ಆಮೇಲೆ ಗುಂಡಿ. ನಿಮ್ಮ 35 ನಿಮಿಷದಲ್ಲಿ ಒಂದಿಷ್ಟು ಹೊತ್ತು ಅಲ್ಲೂ ಯಾರೋ ಹಾಗೆ ಎಣಿಸುತ್ತಿದ್ದರು ಅಂದುಕೊಳ್ಳುತ್ತೇನೆ.

ಶಾರ್ಲಟ್ ಕನ್ನಡತಿ

ನಾನಿರುವುದು ಅಮೆರಿಕದ ಶಾರ್ಲಟ್, ಊರಿನ ಪಕ್ಕದಲ್ಲೇ ಕ್ಯಾರೋವಿಂಡ್ಸ್ ಪಾರ್ಕು. ಅಲ್ಲಿ ಫ್ಯೂರಿ 325 ಅನ್ನುವ ಕೋಸ್ಟರ್ ಇದೆ, ಹೆಸರಲ್ಲೇ ಎತ್ತರ, 325 ಅಡಿ. 2023ರ ಜೂನ್ 30ರಂದು ಪಾರ್ಕಿಗೆ ಬಂದಿದ್ದ ಒಬ್ಬರು ತಲೆ ಎತ್ತಿ ನೋಡಿದಾಗ ಒಂದು ಕಂಬದ ಮೇಲ್ಭಾಗ ಬಿರುಕು ಬಿಟ್ಟಿತ್ತು. ಗಾಡಿ ಹೋದಾಗ ಕಂಬ ಎರಡಾಗಿ ಸರಿಯುತ್ತಿರುವುದು ಅವರ ವಿಡಿಯೋದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅವರು ತೋರಿಸಿದ ಮೇಲೆ ಮುಚ್ಚಿದರು. ಕಂಬ ಬದಲಿಸಿ ಆಗಸ್ಟಿನಲ್ಲಿ ತೆರೆದರು.

ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಆ ವಾರ ಬೇರೆ ಮಾತೇ ಇರಲಿಲ್ಲ. ನನ್ನ ಪ್ರಶ್ನೆ ಇಷ್ಟೇ. ಸ್ವಾಮಿಯವರು ಟೋಪಿ ಬಿದ್ದರೂ ಗಾಡಿ ನಿಲ್ಲುತ್ತದೆ ಅಂತಾರೆ. ಕಂಬ ಬಿರಿದಾಗ ಯಾಕೆ ನಿಲ್ಲಲಿಲ್ಲ?

ಅನುಮಾನದ ಅಣ್ಣಯ್ಯ

ಇದಕ್ಕೆ ಉತ್ತರ ಬೇಕು.

ಸ್ಪ್ಯಾನರ್ ಸ್ವಾಮಿ

ಕೊಡುತ್ತೇನೆ. ಸೆನ್ಸಾರಿಗೆ ಗೊತ್ತಿರುವುದು ಗಾಡಿ ಎಲ್ಲಿದೆ, ಗೇಟು ಮುಚ್ಚಿದೆಯಾ, ತೊಡೆ ಮೇಲಿನ ಬಾರ್ ಲಾಕ್ ಆಗಿದೆಯಾ ಅನ್ನುವುದು. ಕಬ್ಬಿಣದ ಬಿರುಕು ಅದಕ್ಕೆ ಕಾಣುವುದಿಲ್ಲ. ಟೋಪಿಯೂ ಕಾಣುವುದಿಲ್ಲ, ಅದನ್ನು ನೋಡಿ ನಿಲ್ಲಿಸುವುದು ಆಪರೇಟರ್. ಮೇಲೆ ನಾನು ಬರೆದದ್ದು ಸ್ವಲ್ಪ ಎಡವಟ್ಟಾಯಿತು.

ಬಿರುಕು ಹುಡುಕುವುದು ಮನುಷ್ಯರ ಕೆಲಸ. ಬೆಳಗ್ಗೆ ಪಾರ್ಕ್ ತೆರೆಯುವ ಮೊದಲು ಟಾರ್ಚು ಹಿಡಿದು ಹಳಿ ನಡೆಯುತ್ತೇವೆ. ಬೋಲ್ಟುಗಳ ಮೇಲೆ ಬಣ್ಣದ ಗೆರೆ ಎಳೆದಿರುತ್ತೇವೆ. ಗೆರೆ ಸರಿದಿದ್ದರೆ ಬೋಲ್ಟು ತಿರುಗಿದೆ ಅಂತ ಅರ್ಥ. ಬೆಸುಗೆ ಹಾಕಿದ ಕಡೆ ತುಕ್ಕಿನ ಸಣ್ಣ ಗೆರೆ ಕಂಡರೂ ಅಲ್ಲೇ ನಿಲ್ಲಬೇಕು. ಆಮೇಲೆ ಮರಳು ಚೀಲ ಅಥವಾ ನೀರು ತುಂಬಿದ ಬೊಂಬೆ ಇಟ್ಟು ಖಾಲಿ ಸುತ್ತು. ಚಳಿ ಇದ್ದರೆ ಮೊದಲ ಸುತ್ತು ನಿಧಾನ, ಗ್ರೀಸು ಗಟ್ಟಿಯಾಗಿರುತ್ತದೆ. ಇದನ್ನೆಲ್ಲ ಅವಸರದಲ್ಲಿ ಮುಗಿಸಿದರೆ ಬಿರುಕು ತಪ್ಪಿಹೋಗುತ್ತದೆ. ನಿಂತ ಗಾಡಿ ನೋಡಿ ನನಗೆ ಯಾವತ್ತೂ ಭಯ ಆಗಿಲ್ಲ. ಏನೂ ತೊಂದರೆ ಇಲ್ಲದೆ ಓಡುತ್ತಿರುವ ಗಾಡಿಯ ಕೆಳಗೆ ನಿಂತು ಕಂಬ ನೋಡುವಾಗ ಆಗಿದೆ.

ನಿವೃತ್ತ ಮೇಷ್ಟ್ರು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದೆ. (ಲೋಕೇಶ, ಪಂಚೆ ಎತ್ತಿಕಟ್ಟಿದ ಮೇಷ್ಟ್ರು ನಾನಲ್ಲ. ನಾನು ಪ್ಯಾಂಟು.) ಮಕ್ಕಳು ಪ್ರತಿ ವರ್ಷ ಕೇಳುತ್ತಿದ್ದರು, "ಸಾರ್, ತಲೆಕೆಳಗಾದಾಗ ನಿಂತುಬಿಟ್ಟರೆ?"

ಮಾಮೂಲಿ ಕೋಸ್ಟರಿನ ಸುರುಳಿಯಲ್ಲಿ ಗಾಡಿಯನ್ನು ತಳ್ಳುವುದು ಅದರ ಸ್ವಂತ ವೇಗವೇ. ವೇಗ ಸಾಲದಿದ್ದರೆ ತುದಿಗೆ ಹೋಗಿ ನೇತಾಡುವುದಿಲ್ಲ. ಅಲ್ಲಿಂದ ಹಿಂದಕ್ಕೋ ಮುಂದಕ್ಕೋ ಜಾರಿ, ಉಯ್ಯಾಲೆಯ ಹಾಗೆ ಆಡಿ, ತಗ್ಗಿನಲ್ಲಿ ನಿಲ್ಲುತ್ತದೆ. ಹಳಿ ಬಿಟ್ಟು ಬೀಳುವುದೂ ಇಲ್ಲ. ಚಕ್ರ ಹಳಿಯ ಮೇಲೆ, ಪಕ್ಕದಲ್ಲಿ, ಕೆಳಗೆ ಮೂರೂ ಕಡೆ ಹಿಡಿದಿರುತ್ತದೆ. ಆ ಕೆಳಗಿನ ಚಕ್ರಕ್ಕೆ ಜಾನ್ ಮಿಲ್ಲರ್ ಅನ್ನುವ ಅಮೆರಿಕದವರು 1919ರಲ್ಲೇ ಪೇಟೆಂಟ್ ತೆಗೆದುಕೊಂಡಿದ್ದರು.

ಇನ್ನೊಂದು ವಿಷಯ. ಸುರುಳಿ ದುಂಡಗೆ ಇರುವುದಿಲ್ಲ, ನೀರಿನ ಹನಿಯ ಆಕಾರ. 1895ರಲ್ಲಿ ಕೋನಿ ಐಲೆಂಡಿನಲ್ಲಿ ಫ್ಲಿಪ್ ಫ್ಲ್ಯಾಪ್ ಅಂತ ದುಂಡು ಸುರುಳಿ ಕಟ್ಟಿದ್ದರು. ಹತ್ತಿದವರ ಕತ್ತು ಉಳುಕುತ್ತಿತ್ತು. ಸುರುಳಿಗೆ ಹೋಗುವಾಗ ಒಮ್ಮೆಲೇ ದೇಹದ ಭಾರ ಹೆಚ್ಚಾದ ಹಾಗೆ ಆಗುತ್ತದಲ್ಲ, ಅದಕ್ಕೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಪಾರ್ಕಿನ ರೆವಲ್ಯೂಷನ್‌ಗೆ ಜರ್ಮನಿಯ ವರ್ನರ್ ಸ್ಟೆಂಗೆಲ್ ಹನಿಯಾಕಾರ ಕೊಟ್ಟರು. ಆಮೇಲೆ ಲೋಕವೆಲ್ಲ ಅದೇ. ಬೋರ್ಡಿನ ಮೇಲೆ ಈ ಚಿತ್ರ ಬರೆದಾಗ ಕೊನೆ ಬೆಂಚೂ ಎದ್ದು ಕೂರುತ್ತಿತ್ತು. ಓಮ್ಸ್ ನಿಯಮಕ್ಕೆ ಆ ಭಾಗ್ಯ ಇರಲಿಲ್ಲ.

ಲೂಪ್ ಲೋಕೇಶ

ಮೇಷ್ಟ್ರೇ, ಆದರೆ 2024ರ ಜೂನಿನಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ 28 ಜನ ಹತ್ತಿರ ಹತ್ತಿರ ಅರ್ಧ ಗಂಟೆ ತಲೆಕೆಳಗಾಗಿ ಸಿಕ್ಕಿಕೊಂಡಿದ್ದರಲ್ಲ?

ನಿವೃತ್ತ ಮೇಷ್ಟ್ರು

ಅದು ಕೋಸ್ಟರ್ ಅಲ್ಲಪ್ಪ, ಲೋಲಕದ ರೈಡ್. ದೊಡ್ಡ ತೋಳಿನ ತುದಿಗೆ ಸೀಟು. ಅದಕ್ಕೇ ಮಾಮೂಲಿ ಕೋಸ್ಟರ್ ಅಂತ ಒತ್ತಿ ಬರೆದದ್ದು.

ಅಬುಧಾಬಿ ಅಳಿಯ

ಭಾರವಾದ ಚರ್ಚೆಯ ನಡುವೆ ಒಂದು ಹಗುರ ಕಥೆ. ಕುಂದಾಪುರದಿಂದ ಮಾವ ಬಂದಿದ್ದರು. ಫೆರಾರಿ ವರ್ಲ್ಡ್‌ಗೆ ಕರೆದುಕೊಂಡು ಹೋದೆ. ಅಲ್ಲಿ ಫಾರ್ಮುಲಾ ರೋಸಾ ಅನ್ನುವ ಕೋಸ್ಟರ್, ಗಂಟೆಗೆ 240 ಕಿಲೋಮೀಟರ್. ಕಣ್ಣಿಗೆ ಕನ್ನಡಕ ಕೊಟ್ಟೇ ಕೂರಿಸುತ್ತಾರೆ, ಇಲ್ಲದಿದ್ದರೆ ಮರಳೋ ಹುಳವೋ ಬಡಿಯುತ್ತದೆ. ಮಾವ ಸಣ್ಣ ರೈಲು ಅಂದುಕೊಂಡು ಹತ್ತಿದರು. ಹೊರಟ ಐದು ಸೆಕೆಂಡಿಗೆ ಅವರ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಇಳಿದ ಮೇಲೆ ಹತ್ತು ನಿಮಿಷ ಮಾತಿಲ್ಲ. ಆಮೇಲೆ ಕೇಳಿದರು, "ನಮ್ಮ ಊರಿನ ಬಸ್ಸಿನವರು ಇಲ್ಲಿ ಟ್ರೇನಿಂಗ್ ತಗೊಳ್ತಾರಾ?"

ಕರಾವಳಿಯ ಖಾಸಗಿ ಬಸ್ಸು ಹತ್ತಿದವರಿಗೆ ಅರ್ಥವಾಗುತ್ತದೆ.

ಮೈಸೂರು ಪಾಕದ ಪುಡಿ

ನಮಗೆಲ್ಲ ಪಾರ್ಕು ಅಂದರೆ ದಸರಾ ವಸ್ತುಪ್ರದರ್ಶನವೇ. ದೊಡ್ಡಕೆರೆ ಮೈದಾನ, ಕೊಲಂಬಸ್ ದೋಣಿ, ಮುಖಕ್ಕಿಂತ ದೊಡ್ಡ ಡೆಲ್ಲಿ ಹಪ್ಪಳ. ಮರದ ಹಲಗೆಯ ಬಾವಿಯಲ್ಲಿ ಬೈಕ್ ಓಡಿಸುವವನು ಕೈ ಬಿಟ್ಟು ಮೇಲೆ ಬಂದಾಗ ನಾವು ಹಿಡಿದಿದ್ದ ಅಂಚೇ ನಡುಗುತ್ತಿತ್ತು. ಆ ನಡುಕ ಈಗಿನ ಯಾವ ರೈಡಿನಲ್ಲೂ ಸಿಗುವುದಿಲ್ಲ. ಜಿಆರ್‌ಎಸ್ ಪಾರ್ಕ್ ಆಮೇಲೆ ಬಂತು. ಅಲ್ಲಿಗೂ ಹೋದೆವು, ಖುಷಿಯೂ ಪಟ್ಟೆವು. ಆದರೂ ಹಪ್ಪಳ ಹಪ್ಪಳವೇ.

ಗುಬ್ಬಿ ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಮಗಳಿಗೆ ಎಲ್ಲ ಓದಿದೆ. ಸ್ಮೈಲರ್ ಭಾಗ ಬಿಡೋಣ ಅಂದುಕೊಂಡೆ. ಅವಳೇ ಹೆಗಲ ಮೇಲಿಂದ ಇಣುಕಿ ಓದಿಬಿಟ್ಟಳು. ಶಿರಸಿ ಅಜ್ಜಿಯ ಕಥೆಯನ್ನು ಎರಡು ಸಲ ಕೇಳಿದಳು.

ಸ್ವಾಮಿಯವರಿಗೆ ಅವಳದೊಂದು ಪ್ರಶ್ನೆ. ನೀವು ಇಳಿಸಿದವರು ಮತ್ತೆ ಹತ್ತುತ್ತಿದ್ದರಾ?

ಸ್ಪ್ಯಾನರ್ ಸ್ವಾಮಿ

ಮೆಟ್ಟಿಲು ಇಳಿಯುವಾಗ ಎಲ್ಲರೂ ಬೈಯುತ್ತಿದ್ದರು. ಕೆಳಗೆ ಬಂದ ಮೇಲೆ ನೀರು ಕುಡಿದು, ನಮ್ಮ ಹುಡುಗರು ಕೊಡುವ ಇನ್ನೊಂದು ಸುತ್ತಿನ ಚೀಟಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಸಂಜೆ ಮುಚ್ಚುವ ಹೊತ್ತಿಗೆ ನೋಡಿದರೆ ಅರ್ಧ ಜನ ಮತ್ತೆ ಸಾಲಿನಲ್ಲಿ. ಇನ್ನರ್ಧ ಜನ ಸೀದಾ ಮನೆಗೆ. ಎರಡರಲ್ಲೂ ತಪ್ಪಿಲ್ಲ ಪುಟ್ಟಿ.

ಗುಬ್ಬಿ ಅಮ್ಮ

ನಮಗೂ ಆ ಚೀಟಿ ಕೊಟ್ಟಿದ್ದಾರೆ. ಶನಿವಾರದವರೆಗೆ ಇದೆ. ಇವತ್ತು ಬೆಳಗ್ಗೆ ನೋಡಿದರೆ ಅದು ಅವಳ ಪುಸ್ತಕದ ಮಧ್ಯೆ ಇತ್ತು.

ಕೇಳಿದ್ದಕ್ಕೆ ಹೇಳಿದಳು, ಆ ದಿನ ಹೊರಟಾಗಿನಿಂದ ಅವಳು ಟಕ ಟಕ ಎಣಿಸುತ್ತಿದ್ದಳಂತೆ. ನಿಂತಾಗ 112. ಪೂರ್ತಿ ಎಷ್ಟು ಅಂತ ಗೊತ್ತಾಗಲೇ ಇಲ್ಲವಲ್ಲ ಅಂತ ಅವಳ ಸಂಕಟ.

ಸ್ಪ್ಯಾನರ್ ಸ್ವಾಮಿ

ಎರಡಾಳು ಬಾಕಿ ಇತ್ತು ಅಂದಿರಿ. 125 ದಾಟಲಾರದು ಅಂತ ನನ್ನ ಅಂದಾಜು. ಎಣಿಸಿ ಬಂದು ಇಲ್ಲಿ ಹಾಕಲು ಹೇಳಿ.

ಅನುಮಾನದ ಅಣ್ಣಯ್ಯ

ನನ್ನದು 130.